ಮಂಗಳವಾರದ ಅಂಕಿಗಳು

ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಕಾರುಗಳ ಸಾಲು ಮುಗಿಯುವ ಕಡೆ, ನೀರಿನ ದೊಡ್ಡ ತೊಟ್ಟಿಯೊಂದಿದೆ. ಅದರ ಗೋಡೆಗೆ ಆನಿಸಿ ಬೆರಳುಗಾತ್ರದ ಒಂದು ಪಾರದರ್ಶಕ ಕೊಳವೆ. ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ಎಳೆದ ಅಡಿ, ಇಂಚಿನ ಗೆರೆಗಳು. ತೊಟ್ಟಿಯಲ್ಲಿ ನೀರು ಎಷ್ಟಿದೆಯೋ ಕೊಳವೆಯಲ್ಲೂ ಅಷ್ಟೇ ಎತ್ತರಕ್ಕೆ ನಿಂತಿರುತ್ತದೆ. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಹತ್ತು ವಾರ ಆ ಕೊಳವೆಯನ್ನು ನೋಡಿ ಬರೆದಿಡುವ ಕೆಲಸ ನನ್ನದಾಗಿತ್ತು. ಆ ಹತ್ತು ವಾರದಲ್ಲಿ ನಾನು ಮಾಡಿದ್ದು ಏನೆಂದು ನನ್ನ ತವರಿನವರಿಗೆ ಇವತ್ತಿಗೂ ಗೊತ್ತಿಲ್ಲ.

ಆ ವರ್ಷ ವರ್ತೂರಿನ ಈ ಬದಿಯ ಬೋರ್‌ವೆಲ್‌ಗಳೆಲ್ಲ ಸೊರಗಿದ್ದವು. ಟ್ಯಾಂಕರ್ ನೀರು ತರಿಸುತ್ತಿದ್ದೆವು. ಆದರೆ ತರಿಸಿದ ನೀರು ಮನೆಗಳಲ್ಲಿ ಬಳಸಿದ್ದಕ್ಕಿಂತ ಬೇಗ ಇಳಿಯುತ್ತಿತ್ತು. ಎಲ್ಲೋ ಹೋಗುತ್ತಿತ್ತು, ಎಲ್ಲಿ ಎಂದು ಯಾರಿಗೂ ತಿಳಿಯದು. ತೊಟ್ಟಿಗೆ ಅಳೆಯುವ ಯಂತ್ರ ಹಾಕಿಸೋಣ ಎಂದು ಸಮಿತಿಯವರು ಮೂರು ಸಭೆಗಳಲ್ಲಿ ಹೇಳಿ ಮೂರು ಸಲವೂ ಮುಂದಕ್ಕೆ ಹಾಕಿದ್ದರು.

ಮೂರನೇ ಮಹಡಿಯಲ್ಲಿ ಒಬ್ಬ ಹಿರಿಯರಿದ್ದಾರೆ. ರೇಡಾರ್ ಮಾಡುವ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಸಿಗ್ನಲ್‌ಗಳ ಲೆಕ್ಕ ಮಾಡಿ ನಿವೃತ್ತರಾದವರು. ಎಲ್ಲರೂ ಅವರನ್ನು ಸರ್ ಎಂದೇ ಕರೆಯುವುದು. ಯಂತ್ರ ಬೇಡ, ಕಣ್ಣಿಂದ ನೋಡಿ ಬರೆದುಕೊಟ್ಟರೂ ಸಾಕು, ನೀರು ಯಾವ ಹೊತ್ತಿಗೆ ಹೋಗುತ್ತಿದೆ ಅಂತ ಹೇಳಬಲ್ಲೆ ಎಂದರು. ಅವರ ಮಂಡಿ ಕೈಕೊಟ್ಟಿತ್ತು, ನೆಲಮಾಳಿಗೆಗೆ ಪದೇಪದೇ ಇಳಿಯಲಾರರು. ನಾಲ್ಕೈದು ಜನರನ್ನು ಕೇಳಿ, ಅವರೆಲ್ಲ ಆಫೀಸಿನ ನೆಪ ಹೇಳಿದ ಮೇಲೆ ನಮ್ಮ ಮನೆಯ ಗಂಟೆ ಒತ್ತಿದರು.

"ನೋಡಮ್ಮಾ, ನೀರು ಏರೋದು ಇಳಿಯೋದು ಅಂದ್ರೆ ಅದರಲ್ಲಿ ತಾಳಗಳು ಇರುತ್ವೆ. ದಿನಕ್ಕೊಂದು ಸಲದ ತಾಳ ಒಂದು, ಜನ ಎದ್ದು ಸ್ನಾನ ಮಾಡ್ತಾರಲ್ಲ, ಅದು. ಅದರ ಜೊತೆ ಬೇರೆ ಯಾವುದೋ ತಾಳ ಬೆರೆತಿದೆ. ಯಾವ ತಾಳ ಎಷ್ಟು ಜೋರಾಗಿದೆ ಅಂತ ಬಿಡಿಸಿ ತೋರಿಸೋ ಚಿತ್ರಕ್ಕೆ ನಾವು ಸ್ಪೆಕ್ಟ್ರಮ್ ಅಂತಿದ್ವಿ. ಅದನ್ನ ಬರೀಬೇಕು."

"ಹಾಗಿದ್ರೆ ದಿನಾ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನೋಡಿ ಬರೀತೀನಿ ಸರ್."

"ಅದೊಂದು ಮಾತ್ರ ಬೇಡ. ದಿನಾ ಎಂಟು ಗಂಟೆಗೆ ಮಾತ್ರ ಗಡಿಯಾರ ನೋಡೋರಿಗೆ ಮುಳ್ಳು ನಿಂತೇಹೋಗಿದೆ ಅನ್ನಿಸಲ್ವಾ? ಸೊಪ್ಪಿನವಳು ಬಂದಾಗ, ಕಸ ಹಾಕೋಕೆ ಇಳಿದಾಗ, ಯಾವಾಗ ಕೆಳಗೆ ಬರ್ತೀರೋ ಆವಾಗ ನೋಡಿ. ಹೊತ್ತು ಹೆಚ್ಚುಕಮ್ಮಿ ಆದಷ್ಟೂ ಒಳ್ಳೇದು. ಆದ್ರೆ ನೋಡಿದ ಹೊತ್ತನ್ನ ನಿಮಿಷದ ಸಮೇತ ಬರೀರಿ. ಒಂದಿನ ಆಗ್ಲಿಲ್ವಾ, ಬಿಟ್ಬಿಡಿ. ಬಿಟ್ಟಿದ್ದು ಬಿಟ್ಟ ಹಾಗೇ ಇರ್ಲಿ. ಅದಕ್ಕೆ ತಕ್ಕ ಲೆಕ್ಕ ನನ್ನ ಹತ್ರ ಇದೆ."

ಬಿಟ್ಟಿದ್ದು ಬಿಟ್ಟ ಹಾಗೇ ಇರಲಿ ಎನ್ನುವುದನ್ನು ಅವರು ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಮ್ಮೆ ಹೇಳಿದರು. ನಾನು ಹೂಂಗುಟ್ಟಿದೆ. ಮನಸ್ಸು ಮಾತ್ರ ಯಾವ ನೋಟ್‌ಬುಕ್ಕಿನಲ್ಲಿ ಬರೆಯುವುದು ಎಂಬುದರಲ್ಲಿತ್ತು.

ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು. ಉಪ್ಪು ಹುಳಿ ಹದವಾಗಿದೆ ಎಂದು ಹೊಗಳಿಸಿಕೊಂಡಿದ್ದೇನೆ. ನಿಮ್ಮಿಂದ ಒಂದು ಲೆಕ್ಕ ಆಗಬೇಕು ಎಂದು ಯಾರೂ ಬಾಗಿಲಿಗೆ ಬಂದು ಕೇಳಿರಲಿಲ್ಲ. ಅಂದೇ ಸಂಜೆ ಉದ್ದನೆಯ ನೋಟ್‌ಬುಕ್ ತಂದು, ಕಂದು ಕಾಗದದ ಹೊದಿಕೆ ಹಾಕಿ, ಮೂಲೆಗಳನ್ನು ಮಡಿಸಿ ಚೀಟಿ ಅಂಟಿಸಿದೆ. ಸ್ಕೇಲ್ ಇಟ್ಟು ಮನೆಗಳನ್ನು ಎಳೆದೆ. ದಿನ, ಹೊತ್ತು, ಅಡಿ, ಇಂಚು. ಒಂದೊಂದು ದಿನಕ್ಕೆ ಮೂರು ಮೂರು ಸಾಲು, ಹತ್ತು ವಾರಕ್ಕೂ ಮೊದಲೇ ತಾರೀಖು ಹಾಕಿಟ್ಟೆ.

ನನ್ನ ಯಜಮಾನರು ಹಿಂದೆ ನಿಂತು ನೋಡಿ, "ಏನೇ ಇದು, ನೀರಾವರಿ ಇಲಾಖೆಗೆ ಸೇರ್ಕೊಂಡ್ಯಾ?" ಎಂದರು.

"ಸಂಬಳ ಇಲ್ಲ, ಗೌರವ ಹುದ್ದೆ" ಎಂದೆ. ಅಷ್ಟು ಖುಷಿ ನನಗೆ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಪುಸ್ತಕದ ಚೊಕ್ಕತನಕ್ಕೆಂದೇ ಹತ್ತು ಅಂಕ. ಒಂದು ಮನೆ ಖಾಲಿ ಬಿಟ್ಟರೂ ಸಿಸ್ಟರ್ ಕೆಂಪು ಮಸಿಯಲ್ಲಿ ಸುತ್ತು ಹಾಕಿ ಪುಸ್ತಕವನ್ನು ತರಗತಿಗೆಲ್ಲ ಎತ್ತಿ ತೋರಿಸುತ್ತಿದ್ದರು. ಹತ್ತು ವರ್ಷದಲ್ಲಿ ನನ್ನ ಪುಸ್ತಕವನ್ನು ಹಾಗೆ ತೋರಿಸಿದ್ದು ಒಂದೇ ಸಲ. ಮಾರಲ್ ಸೈನ್ಸ್‌ನಲ್ಲಿ ಪ್ರತಿವರ್ಷ ನನಗೇ ಬಹುಮಾನ; ಇದನ್ನೂ ಹೇಳಿಬಿಡಬೇಕು.

ಮೊದಲ ವಾರ ಕ್ರಮವಾಗಿ ನಡೆಯಿತು. ನಾನು ಕೆಳಗಿಳಿದಾಗಲೆಲ್ಲ ಪಂಪ್ ಆಪರೇಟರ್ ಎದ್ದು ಬರುತ್ತಿದ್ದರು. ಯಾದಗಿರಿ ಕಡೆಯವರು, ನಲವತ್ತರ ಆಸುಪಾಸು. ಮೋಟಾರು ಹಾಕುವುದು, ಟ್ಯಾಂಕರ್ ಬಂದರೆ ಪೈಪು ಜೋಡಿಸುವುದು ಅವರ ಕೆಲಸ. ಕಾರುಗಳು ಇಳಿಯುವ ಇಳಿಜಾರಿನ ಅಡಿಯಲ್ಲಿ ಒಂದು ಕೋಣೆ. ಅಲ್ಲಿ ಅವರು, ಹೆಂಡತಿ, ಶಾಲೆಗೆ ಹೋಗುವ ಮಗಳು. ಹೆಂಡತಿ ನಮ್ಮ ಮನೆಗೆ ಪಾತ್ರೆ ತೊಳೆಯಲು, ನೆಲ ಒರೆಸಲು ಬರುತ್ತಿದ್ದಳು.

"ಬರ್ರಿ ಅಕ್ಕಾರ, ಬ್ಯಾಟರಿ ಹಿಡೀತೀನಿ" ಎಂದು ಅವರು ಟಾರ್ಚ್ ಹಾಕಿ, ಕೊಳವೆಯ ಮೇಲಿನ ಧೂಳನ್ನು ಹೆಗಲ ಟವೆಲಿನಿಂದ ಒರೆಸಿ, "ಈಗ ನೋಡ್ರಿ, ಛಲೋ ಕಾಣ್ತದ" ಎನ್ನುತ್ತಿದ್ದರು. ನಾನು ಗೆರೆಗೆ ಕಣ್ಣು ಸಮವಾಗುವಂತೆ ಬಗ್ಗಿ ಓದುತ್ತಿದ್ದೆ. ಮೊದಲ ಮಂಗಳವಾರ ನೀರು ಬಹಳ ಇಳಿದಿತ್ತು, ಎರಡು ಅಡಿ ಏಳು ಇಂಚು. ಕಂಡದ್ದನ್ನು ಕಂಡಂತೆ ಬರೆದೆ.

ಎರಡನೇ ವಾರದಿಂದ ಅತ್ತೆಯವರಿಗೆ ಫಿಸಿಯೋಥೆರಪಿ ಶುರುವಾಯಿತು, ಪ್ರತಿ ಮಂಗಳವಾರ ವೈಟ್‌ಫೀಲ್ಡಿನಲ್ಲಿ. ಬೆಳಿಗ್ಗೆ ಎಂಟೂವರೆಗೆ ಕಾರು ಹೊರಟರೆ ವರ್ತೂರು ಕೋಡಿ ದಾಟುವುದರಲ್ಲೇ ಅವರ ಸೊಂಟ ಹಿಡಿಯುತ್ತಿತ್ತು. ವಾಪಸಾಗುವಾಗ ಸಂಜೆ. ಅವರನ್ನು ಮಲಗಿಸಿ, ಅಡುಗೆಗಿಟ್ಟು, ಮತ್ತೆ ನೆಲಮಾಳಿಗೆಗೆ ಇಳಿಯಲು ಕಾಲು ಏಳುತ್ತಿರಲಿಲ್ಲ.

ಬುಧವಾರ ನೋಟ್‌ಬುಕ್ ತೆರೆದರೆ ಸೋಮವಾರ ತುಂಬಿದೆ, ಮಂಗಳವಾರದ ಮೂರು ಮನೆ ಖಾಲಿ. ಬಾಯಿಯ ಮುಂದಿನ ಹಲ್ಲು ಬಿದ್ದ ಹಾಗೆ ಕಾಣಿಸಿತು. ಪುಟ ತಿರುವಿದೆ, ಮತ್ತೆ ಹಿಂದಕ್ಕೆ ಬಂದೆ. ಊಟದ ಮೇಜಿನ ಮೇಲೆ ಬೀನ್ಸ್ ಹೆಚ್ಚುತ್ತ ಯೋಚಿಸಿದೆ: ಮಂಗಳವಾರ ಎಂದರೆ ಮನೆಮನೆಯಲ್ಲೂ ಹೆಂಗಸರು ತಲೆಗೆ ನೀರು ಹಾಕಿಕೊಳ್ಳುತ್ತಾರೆ, ಮನೆ ಒರೆಸುತ್ತಾರೆ. ಒಂದು ಮಂಗಳವಾರ ಇನ್ನೊಂದು ಮಂಗಳವಾರದ ಹಾಗೇ ಇರುತ್ತದೆ. ಕೈ ಒರೆಸಿಕೊಂಡು ಪೆನ್ನು ತೆಗೆದು ಹಿಂದಿನ ಮಂಗಳವಾರದ ಅಂಕಿಗಳನ್ನು ನೋಡಿ ಬರೆದೆ.

ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡಿದ್ದರೂ ಒಂದು ಮಾತಾಗಿತ್ತು. ಒಂದು ಕಡೆ ಒಂದಿಂಚು ಹೆಚ್ಚು ಮಾಡಿದೆ, ಇನ್ನೊಂದು ಕಡೆ ಅರ್ಧ ಇಂಚು ಕಡಿಮೆ. ಹೊತ್ತನ್ನು ಹನ್ನೊಂದೂವರೆ ಎಂದು ಬರೆಯಲು ಹೋಗಿ, ಅದು ತೀರಾ ದುಂಡಗಾಯಿತು ಎನ್ನಿಸಿ ಹನ್ನೊಂದು ಗಂಟೆ ಮೂವತ್ತೇಳು ನಿಮಿಷ ಎಂದು ಬರೆದೆ. ಈ ಮೂವತ್ತೇಳು ನಿಮಿಷ ನನ್ನನ್ನು ಈಗಲೂ ಚುಚ್ಚುತ್ತದೆ. ಅಂಕಿ ತುಂಬಿದ್ದನ್ನು ಮರೆವು, ದಣಿವು, ಚೊಕ್ಕತನದ ಹುಚ್ಚು ಎಂದೆಲ್ಲ ಹೇಳಿಕೊಳ್ಳಬಹುದು. ಆದರೆ ನಿಮಿಷ ಕೂರಿಸುವಾಗ ನಾನು ಏನು ಮಾಡುತ್ತಿದ್ದೇನೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

ಮುಂದಿನ ಮಂಗಳವಾರಗಳಲ್ಲಿ ಅಷ್ಟು ಯೋಚಿಸಲಿಲ್ಲ. ಹಿಂದಿನ ಪುಟ ನೋಡಿ ನೋಡಿ ಬರೆದೆ. ಬೇರೆ ದಿನಗಳಲ್ಲಿ ತಪ್ಪಿದ ಆರೇಳು ಮನೆಗಳನ್ನೂ ಹಾಗೇ ತುಂಬಿಸಿದೆ. ಹತ್ತು ವಾರ ಮುಗಿದಾಗ ಒಂದು ಮನೆಯೂ ಖಾಲಿ ಇರಲಿಲ್ಲ.

ಸರ್ ಪುಟ ತಿರುವುತ್ತ ಕನ್ನಡಕ ಮೇಲಕ್ಕೇರಿಸಿದರು. "ನಮ್ಮ ಲ್ಯಾಬಲ್ಲೂ ಇಷ್ಟು ಚೊಕ್ಕವಾಗಿ ಯಾರೂ ಬರೀತಿರಲಿಲ್ಲಮ್ಮ." ಅವರ ಮನೆಯವರು ನನಗೆ ಕಾಫಿ ಕೊಟ್ಟರು. ನಾನು ಬಟ್ಟಲನ್ನು ತಟ್ಟೆಯ ಮೇಲೆ ಸದ್ದಾಗದಂತೆ ಇಟ್ಟೆ, ಸಿಸ್ಟರ್ ಕಲಿಸಿದ ಹಾಗೆ.

ಆ ಭಾನುವಾರ ಹನ್ನೊಂದು ಗಂಟೆಗೆ ಪಾರ್ಟಿ ಹಾಲಿನಲ್ಲಿ ಸಭೆ. ಸರ್ ಒಂದು ದೊಡ್ಡ ಹಾಳೆಯನ್ನು ಗೋಡೆಗೆ ಅಂಟಿಸಿದರು. ಟ್ಯಾಂಕರ್ ಬಂದ ಹೊತ್ತು ಗೇಟಿನ ಪುಸ್ತಕದಲ್ಲಿತ್ತು. ಅದನ್ನು ಕಳೆದು, ದಿನಬಳಕೆಯ ತಾಳವನ್ನೂ ಪಕ್ಕಕ್ಕಿಟ್ಟು, ಉಳಿದದ್ದರ ಚಿತ್ರ ಅದು. ಹಾಳೆಯ ಉದ್ದಕ್ಕೂ ಬೇಲಿಗಿಡದಂಥ ಕುಳ್ಳ ಗೆರೆಗಳು. ನಡುವೆ ಒಂದೇ ಒಂದು ಗೆರೆ ನೀಲಗಿರಿ ಮರದ ಹಾಗೆ ಎದ್ದು ನಿಂತಿತ್ತು. ಅದರ ಬುಡದಲ್ಲಿ ಏಳು ಎಂದು ಬರೆದಿತ್ತು.

ಸರ್ ಬಾಯಿ ತೆರೆಯುವ ಮೊದಲೇ ನನಗೆ ಅರ್ಥವಾಯಿತು.

"ಏಳು ದಿನಕ್ಕೊಂದು ಸಲ ತುಂಬ ನೀರು ಹೋಗ್ತಿದೆ" ಎಂದರು ಸರ್. "ಮಂಗಳವಾರ."

ಹಿಂದಿನ ಸಾಲಿನಿಂದ ಯಾರೋ, "ಹೆಂಗಸ್ರು ತಲೆಗೆ ಎರ್ಕೊಳ್ಳೋ ದಿನ ಕಣ್ರೀ" ಎಂದರು. ನಗು.

"ಹಾಗಿದ್ರೆ ಶುಕ್ರವಾರವೂ ಇರ್ಬೇಕಿತ್ತಲ್ವಾ? ನಿಮ್ಮನೆಯವ್ರು ಶುಕ್ರವಾರ ಎರ್ಕೊಳಲ್ವಾ?" ಎಂದು ಇನ್ನೊಬ್ಬರು. ಮತ್ತೆ ನಗು.

ನಮ್ಮ ಕಾರ್ಯದರ್ಶಿ ನಗಲಿಲ್ಲ. ಅವರು ಸಾಫ್ಟ್‌ವೇರಿನವರು, ಮಾತು ಚುರುಕು. "ಮಂಗಳವಾರ ನಮ್ಮ ಸೆಕ್ಯೂರಿಟಿಗೆ ವೀಕ್ಲಿ ಆಫ್. ಅವತ್ತು ಗೇಟಲ್ಲಿ ಯಾರಿರ್ತಾರೆ?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಮಂಗಳವಾರ ಗೇಟಿಗೂ ಪಂಪಿಗೂ ಆಪರೇಟರ್ ಒಬ್ಬರೇ. ನಮ್ಮ ಕಾಂಪೌಂಡಿನ ಆಚೆ ಹೊಸ ಕಟ್ಟಡದ ಕೂಲಿಯವರ ಶೆಡ್ಡುಗಳಿದ್ದವು, ಅಲ್ಲಿದ್ದವರೂ ಅವರ ಕಡೆಯವರೇ ಎನ್ನುವ ಮಾತು ಬಂತು. ಅವರು ಟ್ಯಾಂಕರ್ ಡ್ರೈವರ್ ಜೊತೆ ನಿಂತು ಮಾತಾಡುವುದನ್ನು ಕಂಡವರು ಇಬ್ಬರು ಎದ್ದರು. ಮೂರು ನಿಮಿಷದಲ್ಲಿ ಎಲ್ಲವೂ ಹೊಂದಿಕೊಂಡಿತು. ಅವರನ್ನು ಕರೆಸಿದರು.

"ಆಚೆ ಶೆಡ್ಡಿಗೆ ನೀರು ಕೊಟ್ಟಿದ್ದೀಯಾ, ಇಲ್ವಾ? ಅಷ್ಟು ಹೇಳು."

"ಎರಡು ಕೊಡ ಕೊಟ್ಟೀನ್ರಿ ಸಾರ್" ಎಂದರು ಅವರು. "ಸಣ್ಣ ಕೂಸು ಇತ್ರಿ. ಕುಡಿಲಾಕ."

"ನೋಡಿ, ಒಪ್ಕೊಂಡ" ಎಂದರು ಕಾರ್ಯದರ್ಶಿ.

"ಎರಡಽ ಕೊಡಾರಿ ಸಾರ್."

"ಎರಡು ಕೊಡಕ್ಕೆ ಗ್ರಾಫ್ ಇಷ್ಟುದ್ದ ಏಳುತ್ತೇನಪ್ಪಾ? ಇದು ಸೈನ್ಸು. ಮೇಡಂ ದಿನಕ್ಕೆ ಮೂರು ಸಲ ನೋಡಿ ಬರ್ದಿದ್ದಾರೆ."

ಅಷ್ಟೂ ತಲೆಗಳು ನನ್ನ ಕಡೆ ಮೆಚ್ಚುಗೆಯಿಂದ ತಿರುಗಿದವು. ಆಪರೇಟರೂ ನೋಡಿದರು. ನಾನು ಸೆರಗಿನ ಅಂಚಿನಲ್ಲಿ ಬಿಚ್ಚಿಕೊಂಡಿದ್ದ ಒಂದು ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದೆ. ಮುಂದಿನ ಭಾನುವಾರದೊಳಗೆ ಕೋಣೆ ಖಾಲಿ ಮಾಡಬೇಕು, ಕೆಲಸ ಅಲ್ಲಿಗೆ ಮುಗಿಯಿತು ಎಂದು ತೀರ್ಮಾನವಾಯಿತು. ಎದ್ದು ನಿಂತು, ಮಂಗಳವಾರ ನಾನು ಇಲ್ಲಿರಲೇ ಇಲ್ಲ ಎಂದು ಹೇಳಲು ಎಷ್ಟು ಮಾತು ಬೇಕು? ನಾಲ್ಕು. ಆ ನಾಲ್ಕು ಮಾತು ನಾಲಿಗೆಯ ಹಿಂದೆ ಬಂದು ನಿಂತವು. ದಾರ ತುಂಡಾಯಿತು. ಸಭೆ ಮುಗಿಯಿತು.

ಸೋಮವಾರ ಏನೂ ಮಾಡಲಿಲ್ಲ. ಮಂಗಳವಾರ ಅತ್ತೆಯವರನ್ನು ಕರೆದುಕೊಂಡು ಹೊರಟಾಗ ಗೇಟು ತೆರೆದವರು ಅವರೇ. ವಾಡಿಕೆಯಂತೆ ಕೈ ಎತ್ತಿ ನಮಸ್ಕಾರ ಮಾಡಿದರು. ಅತ್ತೆ ಕಾರಿನ ಕಿಟಕಿಯಿಂದ, "ನೋಡಿದ್ರೆ ಕಳ್ಳನ ಹಾಗೆ ಕಾಣಲ್ಲಮ್ಮ" ಎಂದರು. "ಹೌದತ್ತೆ" ಎಂದೆ ನಾನು. ಅಷ್ಟೇ ಎಂದೆ.

ಬುಧವಾರ ಬೆಳಿಗ್ಗೆ ಅವರ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ಸಾಮಾನ್ಯವಾಗಿ ಬಾಯ್ತುಂಬ ಮಾತಾಡುವವಳು, ಅವತ್ತು ಕುಕ್ಕರನ್ನು ಮೂರು ಸಲ ತಿಕ್ಕಿದಳು. ಆಮೇಲೆ ತಿರುಗದೆಯೇ ಕೇಳಿದಳು:

"ಅಕ್ಕಾರ, ನಿಮ್ಮ ಪುಸ್ತಕದಾಗ ಮಂಗಳವಾರ ಅಂತ ಖರೇನ ಅದ ಏನ್ರಿ?"

"ಯಾಕೆ?"

"ನಮ್ಮ ಮನ್ಯಾರು ಅಂತಾರ, ಮಂಗಳವಾರ ಅಕ್ಕಾರು ಮುದುಕಮ್ಮಗ ಕರ್ಕೊಂಡು ದವಾಖಾನಿಗೆ ಹೋಗ್ತಾರ, ಗೇಟ್ ನಾನಽ ತೆಗೀತೀನಿ, ಅವತ್ತು ಅವ್ರು ನೀರು ನೋಡಲಾಕ ಬರೂದಽ ಇಲ್ಲ ಅಂತ. ನಾ ಬೈದೆ ನೋಡ್ರಿ. ಅವ್ರು ಓದಿದವ್ರು, ನೋಡಲಾರದ ಬರೀತಾರೇನು, ನಿನ್ನ ಕಳುವು ಮುಚ್ಚಲಾಕ ಅವ್ರ ಮ್ಯಾಲ ಹಾಕ್ತೀ ಏನು ಅಂದೆ." ಅವಳು ನಲ್ಲಿ ನಿಲ್ಲಿಸಿದಳು. "ಮಗಳ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡು ಅಂದೆ. ಮಾಡಿದ್ರು. ಆದ್ರೂ ನನಗ ನಂಬಿಕಿ ಬರವಲ್ದು ಅಕ್ಕಾರ. ಹದಿನಾರು ವರ್ಷ ಆತು ಲಗ್ನ ಆಗಿ. ಒಂದು ಸುಳ್ಳು ಹೇಳಿದಾಂವ ಅಲ್ಲ."

ನಾನು ಫ್ರಿಜ್ಜಿನ ಬಾಗಿಲು ತೆರೆದು ಅದರೊಳಗೆ ನೋಡುತ್ತ ನಿಂತೆ. ಏನು ತೆಗೆಯಲು ಬಂದೆ ಎಂದು ನೆನಪಾಗಲಿಲ್ಲ. ಹೇಳಬೇಕಾದದ್ದು ಅಲ್ಲೇ, ಅವಳಿಗೇ. "ಅವರು ಹೇಳಿದ್ದು ನಿಜ ಇರಬಹುದು, ಸ್ವಲ್ಪ ತಾಳು" ಎಂದೆ. ಅವಳು ನನ್ನನ್ನೇ ನೋಡಿದಳು. ನಾನು ನೋಟ್‌ಬುಕ್ ತೆಗೆದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಮೂರನೇ ಮಹಡಿಗೆ ಹೋದೆ.

ಸರ್ ಮುಂದೆ ಕೂತು ಕೆಂಪು ಪೆನ್ನು ಕೇಳಿ ಪಡೆದು, ನಾನು ನೋಡದೆ ಬರೆದ ಒಂದೊಂದು ಸಾಲಿಗೂ ಸುತ್ತು ಹಾಕಿದೆ. ಅವರು ಮೊದಲು ಏನೆಂದು ತಿಳಿಯದೆ, ಆಮೇಲೆ ತಿಳಿದು, ನೋಡುತ್ತಿದ್ದರು. ಇನ್ನೂರ ಹತ್ತರಲ್ಲಿ ಮೂವತ್ತನಾಲ್ಕು. ಎಣಿಸಿ ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು. "ಮೊದಲ ಮಂಗಳವಾರ ನೀರು ನಿಜವಾಗ್ಲೂ ಕಮ್ಮಿ ಇತ್ತಾ?" ಎಂದು ಕೇಳಿದರು.

"ಇತ್ತು ಸರ್. ಅದೊಂದನ್ನು ನೋಡಿದ್ದೆ."

"ಆ ಒಂದು ದಿನವನ್ನ ಒಂಬತ್ತು ಸಲ ನಕಲು ಮಾಡಿದ್ದೀರಿ. ಏಳು ದಿನದ ತಾಳ ನೀರಲ್ಲಿ ಇರಲಿಲ್ಲ. ನೀವೇ ಹಾಕಿದ್ದು." ನೋಟ್‌ಬುಕ್ಕಿನ ಪುಟ ತಿರುವಿ, "ನನ್ನದೂ ತಪ್ಪಿದೆ. ಹತ್ತು ವಾರದಲ್ಲಿ ಒಂದು ಸಲವೂ ಬಿಡದೆ ಯಾರಾದ್ರೂ ಬರೀತಾರಾ? ಅಷ್ಟು ತುಂಬಿದ್ದನ್ನ ನೋಡಿದಾಗಲೇ ನಾನು ಕೇಳ್ಬೇಕಿತ್ತು. ಚೆಂದ ಇತ್ತು, ಬಿಟ್ಟೆ" ಎಂದರು.

ಮೂವತ್ತನಾಲ್ಕನ್ನೂ ತೆಗೆದುಹಾಕಿ ಅವರು ಕಂಪ್ಯೂಟರಿನಲ್ಲಿ ಮತ್ತೆ ಲೆಕ್ಕಕ್ಕೆ ಹಾಕಿದರು. ಅದು ಹೇಗೆ ನಡೆಯುತ್ತದೆ ಎಂದು ಹೇಳಿದರು, ನನಗೆ ಬಳೆ ಅಂಗಡಿ ಕಣ್ಣಮುಂದೆ ಬಂತು. ಒಂದೊಂದು ತಾಳವೂ ಒಂದೊಂದು ಅಳತೆಯ ಬಳೆ. ಹತ್ತು ಗಂಟೆಯದು, ಹನ್ನೊಂದು ಗಂಟೆಯದು, ಹೀಗೆ ಒಂದೊಂದನ್ನೇ ಏರಿಸಿ ಇಳಿಸಿ, ನಾನು ನಿಜಕ್ಕೂ ನೋಡಿದ ಅಂಕಿಗಳ ಮೇಲೆ ತೊಡಿಸಿ ನೋಡುವುದು. ಎಷ್ಟು ಚೆನ್ನಾಗಿ ಕೂತಿತೋ ಅಷ್ಟು ಎತ್ತರದ ಗೆರೆ. ಅಂಕಿಗಳು ಸಮಸಮ ದೂರದಲ್ಲಿ ಇರಬೇಕೆಂದೇ ಇಲ್ಲ, ನಡುವೆ ದಿನಗಟ್ಟಲೆ ಖಾಲಿ ಇದ್ದರೂ ಸರಿ. ಇದ್ದ ಕಡೆ ಕೂತರೆ ಸಾಕು.

ಏಳರ ಗೆರೆ ಬೇಲಿಗಿಡಗಳಲ್ಲಿ ಒಂದಾಗಿ ಅಡಗಿಹೋಯಿತು. ಬೇರೆ ಕಡೆ ಒಂದು ಗೆರೆ ಎದ್ದಿತ್ತು. ಮೂವತ್ತು ಗಂಟೆ.

"ಮೂವತ್ತು ಗಂಟೆಗೊಂದು ಸಲ ಮನುಷ್ಯ ಯಾರೂ ಕಳ್ಳತನ ಮಾಡಲ್ಲಮ್ಮ" ಎಂದರು ಸರ್. "ಇವತ್ತು ಬೆಳಿಗ್ಗೆ ಆರು, ನಾಳೆ ಮಧ್ಯಾಹ್ನ ಹನ್ನೆರಡು, ನಾಡಿದ್ದು ಸಂಜೆ ಆರು. ಇದು ಯಂತ್ರದ ಬುದ್ಧಿ. ನೀವು ದಿನಾ ಒಂದೇ ಹೊತ್ತಿಗೆ ನೋಡಿದ್ದಿದ್ರೆ ಇದೇ ಐದು ದಿನದ ತಾಳದ ಹಾಗೆ ವೇಷ ಹಾಕ್ಕೊಂಡು ಬರ್ತಿತ್ತು."

ಬೋರ್‌ವೆಲ್ಲಿನ ಗಡಸು ನೀರನ್ನು ಮೆದುಮಾಡುವ ಸಾಫ್ಟ್‌ನರ್ ಯಂತ್ರ ನಮ್ಮ ಕಟ್ಟಡದ ಹಿಂಬದಿ ಬೀಗ ಹಾಕಿದ ಗೂಡಿನಲ್ಲಿದೆ. ಅದು ಆಗಾಗ ತೊಟ್ಟಿಯಿಂದ ನೀರೆಳೆದು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ತೊಳೆದ ನೀರು ಗೋಡೆಯಡಿಯ ಕೊಳವೆಯಲ್ಲಿ ಮಳೆನೀರಿನ ರಾಜಕಾಲುವೆಗೆ ಹೋಗುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಸಾಕು. ಆದರೆ ಚಳಿಗಾಲದಲ್ಲಿ ಬಂದ ರಿಪೇರಿಯವನು ಗಡಿಯಾರವನ್ನು ಹೇಗೆ ತಿರುಗಿಸಿ ಹೋಗಿದ್ದನೋ, ಮೂವತ್ತು ಗಂಟೆಗೊಮ್ಮೆ ತೊಳೆದುಕೊಳ್ಳುತ್ತಿರಬೇಕು. ಸರ್ ಲೆಕ್ಕ ಮಾಡಿ, ಇನ್ನೊಂದು ಸಲ ತೊಳೆದುಕೊಳ್ಳುವುದು ಶುಕ್ರವಾರ ಮಧ್ಯಾಹ್ನ ಎರಡರ ಸುಮಾರಿಗೆ ಎಂದರು. ಅಂದು ಅವರು ನನ್ನ ಭುಜ ಹಿಡಿದು ಕುಂಟುತ್ತ ಬಂದರು. ಎರಡಕ್ಕೆ ಏನೂ ಇಲ್ಲ. ಎರಡೂ ಹತ್ತಕ್ಕೆ ಒಳಗೆ ಏನೋ ಟಕ್ಕೆಂದಿತು. ಗೋಡೆಯಾಚೆ ನೀರು ಭೋರಿಟ್ಟುಕೊಂಡು ಕಾಲುವೆಗೆ ಬೀಳುವ ಸದ್ದು. ಬಹಳ ಹೊತ್ತು ಬಿತ್ತು.

ಬುಧವಾರದಿಂದ ಶುಕ್ರವಾರದವರೆಗೆ ನಾನು ಇಳಿಜಾರಿನ ಕೆಳಗಿನ ಕೋಣೆಗೆ ಹೋಗಿ ಒಂದು ಮಾತು ಹೇಳಲಿಲ್ಲ. ಗಟ್ಟಿಯಾದ ಮೇಲೆ ಹೇಳೋಣಮ್ಮ ಎಂದಿದ್ದರು ಸರ್. ಆ ಮಾತು ನನಗೆ ಹಿತವಾಗಿತ್ತು, ಹಿಡಿದುಕೊಂಡೆ. ಆ ಎರಡು ದಿನವೂ ಅವಳು ಬಂದು ಪಾತ್ರೆ ತೊಳೆದಳು, ಏನೂ ಕೇಳಲಿಲ್ಲ. ಇನ್ನೊಂದು ಮಾತನ್ನೂ ಹಿಡಿದುಕೊಂಡಿದ್ದೆ. ಸಭೆಯಲ್ಲಿ ನಿಮ್ಮ ಸುದ್ದಿ ಬೇಡ, ಲೆಕ್ಕದಲ್ಲಿ ನನ್ನದೇ ತಪ್ಪಾಯಿತು ಎಂದುಬಿಡುತ್ತೇನೆ ಎಂದು ಸರ್ ಹೇಳಿದಾಗ ನಾನು ಬೇಡ ಎನ್ನಲಿಲ್ಲ. ತಲೆಯಾಡಿಸಿದೆ.

ಶನಿವಾರ ಸಂಜೆ ಮತ್ತೆ ಎಲ್ಲರೂ ಸೇರಿದರು. ಸರ್ ಎದ್ದು, ಮಂಗಳವಾರ ಎನ್ನುವುದು ತಪ್ಪು, ನೀರು ಕುಡಿಯುತ್ತಿರುವುದು ಸಾಫ್ಟ್‌ನರ್, ನನ್ನ ಲೆಕ್ಕ ಎಡವಿತು ಎಂದು ಹೇಳಿದರು.

"ಏನ್ ಸಾರ್, ರೇಡಾರಲ್ಲೂ ಹಿಂಗೇನಾ? ಇಲ್ಲದ ವಿಮಾನ ಎಲ್ಲಾ ತೋರಿಸ್ತಿದ್ರಾ?" ಎಂದರು ಕಾರ್ಯದರ್ಶಿ.

ಎಲ್ಲರೂ ನಕ್ಕರು. ಸರ್ ಕೂಡ ನಗಲು ನೋಡಿದರು. ಅವರ ಕತ್ತಿನ ಹಿಂಭಾಗ ಕೆಂಪಗಾಗಿದ್ದು ನನಗೆ ಕಾಣುತ್ತಿತ್ತು. ಅವರ ಹಿಂದಿನ ಸಾಲಿನಲ್ಲೇ ಕೂತಿದ್ದೆ. ಆಗ ಎದ್ದೆ. ಧೈರ್ಯ ಬಂದು ಎದ್ದೆ ಎನ್ನಲಾರೆ. ಆ ಕತ್ತನ್ನು ಇನ್ನು ನೋಡಲಾಗಲಿಲ್ಲ.

"ಲೆಕ್ಕ ಸರಿ ಇತ್ತು. ನಾನು ಮಂಗಳವಾರ ಒಂದು ದಿನವೂ ನೋಡಿಲ್ಲ, ಮೊದಲನೇದು ಬಿಟ್ಟು. ಮನೆಯಲ್ಲಿ ಕೂತು ಬರೆದೆ. ಹೊತ್ತೂ ಸುಳ್ಳು. ಹೋದ ಭಾನುವಾರವೇ ನನಗೆ ಗೊತ್ತಾಗಿತ್ತು, ಹೇಳಲಿಲ್ಲ" ಎಂದೆ.

ಕಾರ್ಯದರ್ಶಿ, "ಅಯ್ಯೋ, ಬಿಡಿ ಮೇಡಂ! ಇಷ್ಟೊಂದು ದಿನ ಕಷ್ಟಪಟ್ಟು ಬರೆದ್ರಲ್ಲ, ಅದೇ ದೊಡ್ಡದು. ನಮ್ಮ ಆಫೀಸಲ್ಲಿ ಟೈಮ್‌ಶೀಟ್ ಯಾರು ಅವತ್ತವತ್ತೇ ತುಂಬ್ತಾರೆ?" ಎಂದರು. ಮೊದಲಿಗಿಂತ ಜೋರು ನಗು. ಪಕ್ಕದ ಮನೆಯವರು ನನ್ನ ಕೈ ಅದುಮಿ, "ಅಷ್ಟಕ್ಕೆಲ್ಲ ಕಣ್ಣಲ್ಲಿ ನೀರಾ?" ಎಂದರು. ಯಾರೋ ಚಪ್ಪಾಳೆ ಶುರುಮಾಡಿದರು. ನನ್ನನ್ನು ಕ್ಷಮಿಸಲು ಅವರಿಗೆ ಅರ್ಧ ನಿಮಿಷ ಸಾಕಾಯಿತು.

ಸಾಫ್ಟ್‌ನರಿನ ಬೀಗದ ಕೈ ಹಿಡಿದು ಆಪರೇಟರ್ ಬಾಗಿಲ ಬಳಿ ನಿಂತಿದ್ದರು. "ಏಯ್, ನೀನಿರು, ಹೋಗ್ಬೇಡ" ಎಂದರು ಕಾರ್ಯದರ್ಶಿ, ಅವರ ಕಡೆ ಪೂರ್ತಿ ತಿರುಗದೆ. "ಆ ಮಷೀನಿಂದು ಸೋಮವಾರ ಫೋನ್ ಮಾಡಿ ಸರಿ ಮಾಡ್ಸು." ಅಷ್ಟಕ್ಕೆ ಅವರ ವಿಷಯ ಮುಗಿಯಿತು.

ನಾನು ಚಹಾಕ್ಕೆ ನಿಲ್ಲದೆ ಅವರ ಹಿಂದೆಯೇ ಇಳಿದೆ. ಕೋಣೆಯ ಮುಂದೆ ಎರಡು ಗಂಟು, ಒಂದು ಟ್ರಂಕು, ಹಗ್ಗ ಬಿಗಿದ ಹಾಸಿಗೆ. ನನ್ನನ್ನು ಕಂಡು ಅವರು ಪ್ಲಾಸ್ಟಿಕ್ ಕುರ್ಚಿಯನ್ನು ಹೆಗಲ ಟವೆಲಿನಿಂದ ಒರೆಸಿ ಮುಂದಿಟ್ಟರು. ನಾನು ಕೂರಲಿಲ್ಲ. ಸಭೆಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದೆ, ಈ ಸಲ ಅವಳಿಗೂ ಕೇಳುವಂತೆ. ನೀವು ಹೇಳಿದ್ದೇ ಸರಿ, ನಾನು ಬರುತ್ತಿರಲಿಲ್ಲ, ತಪ್ಪು ನನ್ನದು, ಕ್ಷಮಿಸಿ ಎಂದೆ.

"ಇರ್ಲಿ ಬಿಡ್ರಿ ಅ‌ಕ್ಕಾರ" ಎಂದರು ಅವರು ನೆಲ ನೋಡುತ್ತ. "ಕೆಲಸ ಉಳೀತಲ್ರಿ."

ಅವಳು ಹೊಸ್ತಿಲಲ್ಲಿ ಕೂತಿದ್ದಳು. ಗಂಡನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. "ನಾಳಿಂದ ನಾ ನಿಮ್ಮ ಮನಿಗೆ ಬರೂದಿಲ್ಲ ಅಕ್ಕಾರ" ಎಂದಳು.

"ನನ್ನ ಮೇಲೆ ಸಿಟ್ಟು ಇರುತ್ತೆ, ಗೊತ್ತು."

"ಸಿಟ್ಟಲ್ರಿ. ಬುಧವಾರ ನೀವು ತಾಳು ಅಂದಾಗಽ ನನಗ ತಿಳೀತು." ಅವಳು ಗಂಟಿನ ಮೇಲೆ ಕೈ ಇಟ್ಟಳು. "ನಿಮ್ಮ ಮಾರಿ ನೋಡಿದಾಗೆಲ್ಲ ನಾ ಇವರಿಗೆ ಅಂದಿದ್ದು ನೆನಪಾಗ್ತದ. ದಿನಾ ನೆನಿಸ್ಕೊಂಡು ಹ್ಯಾಂಗ ಬಾಳ್ವೆ ಮಾಡ್ಲಿ?"

ಅವರು "ಏ, ಸುಮ್ಕಿರು" ಎಂದರು, ಮೆಲ್ಲಗೆ. ಅವಳು ಗಂಟು ಬಿಚ್ಚಿ ತಟ್ಟೆಗಳನ್ನು ಒಳಗೆ ಕೊಡತೊಡಗಿದಳು. ಮಗಳು ಒಂದೊಂದಾಗಿ ಹಲಗೆಯ ಮೇಲೆ ಜೋಡಿಸುತ್ತಿದ್ದಳು. ನಾನೂ ಕೈ ಹಾಕಲೇ ಎಂದು ಬಾಯಿಗೆ ಬಂತು. ಕೇಳದೆ ಇಳಿಜಾರು ಹತ್ತಿ ಮೇಲೆ ಬಂದೆ.